ಗುರುವಿನ ಎರಡು ಪ್ರಶ್ನೆಗಳು



ಧರ್ಮಗುರುಗಳು ಗಂಡಿಗೆ ಹೇಳುವ ಬುದ್ಧಿಮಾತೂ ಹೆಣ್ಣಿಗೆ ಹೇಳುವ ಬುದ್ಧಿಮಾತೂ ಒಂದೇ ತೆರನಾಗಿರುತ್ತವೆಯೆ? 12ನೆಯ ಶತಮಾನದ ಶರಣರನ್ನು ಕುರಿತು 15ನೆಯ ಶತಮಾನದಲ್ಲಿ ಸಂಕಲನಗೊಳ್ಳತೊಡಗಿದ 'ಶೂನ್ಯಸಂಪಾದನೆ'ಯಲ್ಲಿ ಇದಕ್ಕೊಂದು ನಿದರ್ಶನವಿದೆ.

ಅಲ್ಲಮಪ್ರಭು ಸೊನ್ನಲಿಗೆಗೆ, ಎಂದರೆ ಇಂದಿನ ಸೊಲ್ಲಾಪುರಕ್ಕೆ, ಬರುತ್ತಾನೆ. ಕೆರೆ ತೋಡಿಸಿ, ಗುಡಿ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಕಟುವಾಗಿಯೇ ಕೆಣಕಿ, ಒಳಗಿನ ಲಿಂಗವನ್ನು ಅರಿಯೆನ್ನುತ್ತಾನೆ. ವಾದವೆಲ್ಲ ಸಿದ್ಧರಾಮನ ಕಾರ್ಯವನ್ನು ಕುರಿತದ್ದು. ನೀನು ಯಾರ ಪತಿಯೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನಾದರೋ ಅದೇ ಗುರು ಕೇಳುವುದು, ನಿನ್ನ ಪತಿ ಯಾರೆಂದು. ಉಡುಗೆಯನ್ನು ತೊರೆದವಳು ಕೂದಲಿನಿಂದ ಮೈ ಮರೆಮಾಡಿಕೊಂಡದ್ದೇಕೆಂದೂ ಕೇಳುತ್ತಾನೆ. ಪರೀಕ್ಷೆ ಇಬ್ಬರಿಗೂ ಇತ್ತು. ಗಂಡಿನದು ಮಾಡಿದ ಕೆಲಸದ ಪರೀಕ್ಷೆ. ಹೆಣ್ಣಿನದು ಅವಳ ದೇಹದ ಪರೀಕ್ಷೆ, ಅವಳು ಯಾರವಳೆಂಬುದರ ಪರೀಕ್ಷೆ.

ಸಭೆಯ ಸಂದೇಹ ನೀಗಲೆಂದೇ ಅಲ್ಲಮ ಹೀಗೆ ಕೇಳಿದನೆಂದು ಸಮರ್ಥಿಸುವುದುಂಟು. ಇರಬಹುದು. ಅಂಥ ಸಂದೇಹ ಹೆಣ್ಣಿನ ವಿಷಯದಲ್ಲೇ ಹುಟ್ಟಿದುದೇಕೆ?

ಚೆನ್ನಮಲ್ಲಿಕಾರ್ಜುನನೇ ತನ್ನ ಪತಿಯೆಂದಳು ಅಕ್ಕ. ಕೂದಲಿನ ಮರೆ ತನಗಾಗಿ ಅಲ್ಲ, ನೋಡುವವರ ಕಣ್ಣಿಗೆ ನೋವಾಗದಿರಲೆಂದು ಎಂದಳು. ಆ ಸಭೆಯ ಹಿರಿಮೆ ಇಲ್ಲಿದೆ: ಅದು ಉತ್ತರಕ್ಕೆ ಕಿವಿಗೊಟ್ಟಿತು, ಉತ್ತರಿಸಿದವಳಿಗೆ ತಲೆಬಾಗಿತು.

ಇಂದಿಗೂ ಮನೆಯ ಮನಸ್ತಾಪವನ್ನು ಹೊತ್ತು ಗುರುಗಳ ಬಳಿಗೆ ಹೋಗುವ ದಂಪತಿಗಳಲ್ಲಿ, ಗಂಡನಿಗೆ ದುಡಿಮೆಯ ಮಾತೂ ಹೆಂಡತಿಗೆ ತಾಳ್ಮೆಯ ಮಾತೂ ದೊರೆಯುವುದನ್ನು ಕಾಣುತ್ತೇವೆ. ತಾಳ್ಮೆ ಸದ್ಗುಣವೇ, ಅದು ಒಬ್ಬರ ಪಾಲಿಗಷ್ಟೇ ಏಕೆ? ಉಪದೇಶಿಸುವ ಮುನ್ನ ಅವಳ ಉತ್ತರವನ್ನು ಆಲಿಸುವ ವ್ಯವಧಾನವಾದರೂ ಗುರುವಿಗಿರಲಿ. ಅಲ್ಲಮನಿಂದ ಕಲಿಯಬೇಕಾದುದು ಅವನ ಪ್ರಶ್ನೆಯನ್ನಲ್ಲ, ಆ ಆಲಿಸುವಿಕೆಯನ್ನು.