ಎಂಬಿಬಿಎಸ್ ನಂತರದ ಹಾದಿ: ರಕ್ತ ಮತ್ತು ಕ್ಯಾನ್ಸರ್ ತಜ್ಞರಾಗುವ ಮಕ್ಕಳಿಗಾಗಿ
(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ವೈದ್ಯಕೀಯ ಸೀಟು ಪಡೆದ ಮಕ್ಕಳನ್ನು ನಾವು ಪ್ರತಿ ವರ್ಷ ಈ ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ. ವಿದ್ಯಾರ್ಥಿವೇತನವನ್ನೂ ಕೊಡುತ್ತೇವೆ. ಇದು ಸಂತೋಷದ ವಿಷಯ. ಆದರೆ ಎಂಬಿಬಿಎಸ್ ಮುಗಿದ ದಿನವೇ ನಮ್ಮ ಪಟ್ಟಿಯಿಂದ ಆ ಮಗುವಿನ ಹೆಸರು ಬಿಟ್ಟುಹೋಗುತ್ತದೆ. ನಿಜವಾದ ಕಷ್ಟದ ದಾರಿ ಆರಂಭವಾಗುವುದು ಅಲ್ಲಿಂದಲೇ. ರಕ್ತ ಮತ್ತು ಕ್ಯಾನ್ಸರ್ ವಿಭಾಗದಲ್ಲಿ ಕೆಲಸ ಮಾಡುವವನಾಗಿ ಆ ದಾರಿಯ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇನೆ.

ಮೊದಲು ಲೆಕ್ಕ ನೋಡೋಣ. ಎಂಬಿಬಿಎಸ್‌ಗೆ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್‌ಗೆ 1 ವರ್ಷ. ನಂತರ ನೀಟ್ ಪಿಜಿ ಬರೆದು ಜನರಲ್ ಮೆಡಿಸಿನ್ ಅಥವಾ ಮಕ್ಕಳ ವಿಭಾಗದಲ್ಲಿ 3 ವರ್ಷದ ಎಂಡಿ. ಆಮೇಲೆ ಇನ್ನೊಂದು ಪ್ರವೇಶ ಪರೀಕ್ಷೆ, ನೀಟ್ ಎಸ್‌ಎಸ್. ಅದರಲ್ಲಿ ಸೀಟು ಸಿಕ್ಕರೆ ಮೆಡಿಕಲ್ ಆಂಕಾಲಜಿ ಅಥವಾ ಕ್ಲಿನಿಕಲ್ ಹೆಮಟಾಲಜಿಯಲ್ಲಿ ಮತ್ತೆ 3 ವರ್ಷದ ಡಿಎಂ. ಒಂದು ಪರೀಕ್ಷೆಯಲ್ಲೂ ಹಿಂದೆ ಬೀಳದಿದ್ದರೂ ಒಟ್ಟು ಹನ್ನೊಂದೂವರೆ ವರ್ಷ. 18ನೇ ವಯಸ್ಸಿಗೆ ಕಾಲೇಜು ಸೇರಿದ ಹುಡುಗಿ ಹೊರಬರುವಾಗ 30ರ ಹತ್ತಿರ ಇರುತ್ತಾಳೆ. ಅನೇಕ ಕಡೆ ಸರಕಾರಿ ಸೇವೆಯ ಬಾಂಡ್ ಬೇರೆ ಇರುತ್ತದೆ.

ಇದೊಂದೇ ದಾರಿಯಲ್ಲ. ವಿಕಿರಣ ಚಿಕಿತ್ಸೆಯಲ್ಲಿ ಆಸಕ್ತಿ ಇರುವವರು ಎಂಬಿಬಿಎಸ್ ನಂತರ ನೇರವಾಗಿ ಅದರಲ್ಲೇ ಎಂಡಿ ಮಾಡಬಹುದು. ಶಸ್ತ್ರಚಿಕಿತ್ಸೆ ಬೇಕೆನ್ನುವವರು ಎಂಎಸ್ ಮುಗಿಸಿ ಸರ್ಜಿಕಲ್ ಆಂಕಾಲಜಿಯಲ್ಲಿ ಎಂಸಿಎಚ್ ಮಾಡುತ್ತಾರೆ. ಪೆಥಾಲಜಿ ಓದಿದವರು ಸೂಕ್ಷ್ಮದರ್ಶಕದಡಿ ರೋಗವನ್ನು ಗುರುತಿಸುತ್ತಾರೆ. ಅವರ ಹೆಸರು ರೋಗಿಗೆ ಗೊತ್ತಿರುವುದಿಲ್ಲ. ಆದರೆ ಅವರ ವರದಿ ಬಾರದೆ ನಾವು ಔಷಧ ಆರಂಭಿಸಲಾರೆವು. ವಿಕಿರಣ ಯಂತ್ರಗಳ ಲೆಕ್ಕಾಚಾರ ನೋಡುವ ಮೆಡಿಕಲ್ ಫಿಸಿಸಿಸ್ಟ್, ಪ್ರಯೋಗಾಲಯದ ತಂತ್ರಜ್ಞ, ಕ್ಯಾನ್ಸರ್ ನರ್ಸ್ ಇವರೂ ನಮಗೆ ಬೇಕು. ವೈದ್ಯಕೀಯ ಸೀಟು ತಪ್ಪಿತೆಂದು ಕಣ್ಣೀರು ಹಾಕುವ ಮಕ್ಕಳು ಇದನ್ನು ಗಮನಿಸಬೇಕು.

ಈ ವಿದ್ಯೆಗೆ ನಮ್ಮ ದೇಶದಲ್ಲೂ ಇತಿಹಾಸವಿದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ಆರಂಭವಾಯಿತು. ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಛಲದಿಂದ 1954ರಲ್ಲಿ ಮದ್ರಾಸಿನ ಅಡಯಾರಿನಲ್ಲಿ ಕ್ಯಾನ್ಸರ್ ಸಂಸ್ಥೆ ಹುಟ್ಟಿತು. ಅಲ್ಲೇ ಜೀವನ ಸವೆಸಿದ ಡಾ. ವಿ. ಶಾಂತಾ 2021ರಲ್ಲಿ ತೀರಿಕೊಳ್ಳುವವರೆಗೂ ಆ ಸಂಸ್ಥೆಯವರಾಗಿಯೇ ಉಳಿದರು. ಸ್ವಾತಂತ್ರ್ಯ ಹೋರಾಟಗಾರರೂ ಕೇಂದ್ರ ಸಚಿವರೂ ಆಗಿದ್ದ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನ ಸಂಸ್ಥೆ ಬೆಂಗಳೂರಿನಲ್ಲಿ 1973ರಿಂದ ಇದೆ. ರಾಜ್ಯದ ಮೂಲೆ ಮೂಲೆಯ ಬಡವರು ಅಲ್ಲಿಗೆ ಬರುತ್ತಾರೆ. 1983ರಲ್ಲಿ ಟಾಟಾ ಆಸ್ಪತ್ರೆಯಲ್ಲಿ ದೇಶದ ಮೊದಲ ಅಸ್ಥಿಮಜ್ಜೆ ಕಸಿ ನಡೆಯಿತು. 2023ರಲ್ಲಿ, ರೋಗಿಯ ಸ್ವಂತ ರಕ್ತಕಣಗಳನ್ನೇ ಬದಲಿಸಿ ಕ್ಯಾನ್ಸರಿನ ಮೇಲೆ ಬಿಡುವ ದೇಶೀಯ ಕಾರ್-ಟಿ ಚಿಕಿತ್ಸೆಗೆ ಅನುಮತಿ ಸಿಕ್ಕಿತು. ಮುಂಬಯಿಯ ಐಐಟಿ ಮತ್ತು ಟಾಟಾ ಸಂಸ್ಥೆಯವರು ಸೇರಿ ಅದನ್ನು ರೂಪಿಸಿದರು. ಕಲಿಯುವ ಮಕ್ಕಳ ಮುಂದೆ ಇಷ್ಟು ದೊಡ್ಡ ಬಾಗಿಲು ತೆರೆದಿದೆ.

ಹಾಗಾದರೆ ಕಷ್ಟ ಎಲ್ಲಿ? ಕೀಮೋ ಪಡೆದ ರೋಗಿಯ ಬಿಳಿ ರಕ್ತಕಣಗಳು ಇಳಿದಾಗ ಜ್ವರ ಬಂದರೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಹೋಗಬೇಕು. ರಾತ್ರಿ ಎರಡಾದರೂ ಸರಿ. ಎಪಿಎಲ್ ಎಂಬ ಒಂದು ಬಗೆಯ ರಕ್ತ ಕ್ಯಾನ್ಸರಿನಲ್ಲಿ ರೋಗಿ ಮೊದಲ ದಿನಗಳಲ್ಲೇ ರಕ್ತಸ್ರಾವದಿಂದ ಸಾಯಬಹುದು. ಆದರೆ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ ನೋಡಿ, ಅನುಮಾನ ಬಂದ ಕೂಡಲೇ ಮಾತ್ರೆ ಕೊಟ್ಟರೆ ಬಹುಪಾಲು ಮಂದಿ ಗುಣವಾಗುತ್ತಾರೆ. ನಿದ್ದೆಗೆಟ್ಟ ಕಣ್ಣು ಅದನ್ನು ತಪ್ಪಿಸಿಕೊಂಡರೆ ಒಂದು ಮನೆಯ ದೀಪ ಆರಿದಂತೆ.

ಇನ್ನೊಂದು ಭಾರವಿದೆ. ಲುಕೇಮಿಯಾ ಇರುವ ಮಗುವಿಗೆ ಎರಡು ಮೂರು ವರ್ಷ ಚಿಕಿತ್ಸೆ ನಡೆಯಬಹುದು. ಅಷ್ಟು ದಿನಗಳಲ್ಲಿ ಆ ಮಗು ನಮ್ಮ ಮನೆಯ ಮಗುವೇ ಆಗಿರುತ್ತದೆ. ಅದು ಉಳಿಯದಿದ್ದರೆ ಹೊರಗೆ ಕುಳಿತ ತಾಯಿಗೆ ಹೇಳಬೇಕಾದವರು ನಾವು. ಹೇಳಿ ಮುಗಿಸಿ, ಮುಖ ತೊಳೆದು, ಮುಂದಿನ ರೋಗಿಯನ್ನು ನಗುತ್ತಾ ಕರೆಯಬೇಕು. ಈ ಮಾತನ್ನು ಹೇಗೆ ಹೇಳಬೇಕೆಂದು ಕಲಿಸುವ ಪಾಠ ನಮ್ಮ ಕಾಲದಲ್ಲಿ ಇರಲಿಲ್ಲ. ಈಗ ಸಂವಹನ ಕಲೆ ಎಂಬಿಬಿಎಸ್ ಪಠ್ಯದಲ್ಲೇ ಸೇರಿರುವುದು ಒಳ್ಳೆಯ ಬೆಳವಣಿಗೆ.

ದುಡಿಮೆಯಿಂದ ಉಂಟಾಗುವ ಈ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ವಿವರಿಸಿತು. ಅದರ ಗುರುತುಗಳು ಮೂರು: ಶಕ್ತಿ ಬತ್ತಿಹೋಗುವುದು, ಕೆಲಸದ ಮೇಲೆ ಬೇಸರ ಮತ್ತು ದೂರ ಭಾವ, ನನ್ನಿಂದ ಏನೂ ಆಗುತ್ತಿಲ್ಲ ಎಂಬ ಅನಿಸಿಕೆ. ಕಿರಿಯ ವೈದ್ಯರ ದುಡಿಮೆ ವಾರಕ್ಕೆ 48 ಗಂಟೆ ಮೀರಬಾರದೆಂದು ಕೇಂದ್ರ ಸರಕಾರ 1992ರಲ್ಲೇ ಹೇಳಿತ್ತು. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ, ವಾರಕ್ಕೆ 74 ಗಂಟೆ ಮೀರಬಾರದು, ಒಂದು ದಿನ ರಜೆ ಇರಬೇಕು ಎಂದು ಶಿಫಾರಸು ಮಾಡಿತು. 32 ವರ್ಷಗಳ ನಂತರ ಕೇಳಿದ್ದು ಹೆಚ್ಚು ಗಂಟೆಗಳನ್ನೇ! ವಾರ್ಡುಗಳ ಸ್ಥಿತಿ ಏನೆಂಬುದನ್ನು ಇದರಿಂದಲೇ ಊಹಿಸಿಕೊಳ್ಳಿ.

ಆಸ್ಪತ್ರೆಗಳು ಮಾಡಬೇಕಾದ್ದನ್ನು ಅವು ಮಾಡಲಿ. ನಮ್ಮ ಸಂಘದಿಂದ ಆಗುವ ಮೂರು ಕೆಲಸಗಳನ್ನು ಸೂಚಿಸುತ್ತೇನೆ.

ಒಂದು, ವಿದ್ಯಾರ್ಥಿವೇತನದ ಒಂದು ಪಾಲನ್ನು ಎಂಡಿ, ಡಿಎಂ ಮಾಡುವವರಿಗೆ ಮೀಸಲಿಡಿ. ಅವರಿಗೆ ಸ್ಟೈಪೆಂಡ್ ಬರುತ್ತದೆ, ನಿಜ. ಆದರೆ ಆ ವಯಸ್ಸಿಗೆ ಸಾಲ, ತಮ್ಮ ತಂಗಿಯರ ಓದು, ಮುಪ್ಪಾದ ತಂದೆ ತಾಯಿ ಎಲ್ಲವೂ ಅವರ ಹೆಗಲಿಗೆ ಬಂದಿರುತ್ತವೆ.

ಎರಡು, ಹೆಣ್ಣುಮಕ್ಕಳ ತಂದೆ ತಾಯಂದಿರಲ್ಲಿ ಒಂದು ವಿನಂತಿ. ಎಂಡಿ ಆದ ಮಗಳಿಗೆ ಮದುವೆ ಮಾಡುವಾಗ, ಮುಂದೆ 3 ವರ್ಷ ಓದು ಮತ್ತು ರಾತ್ರಿ ಪಾಳಿ ಇದೆ ಎಂಬುದನ್ನು ಗಂಡಿನ ಮನೆಯವರೊಂದಿಗೆ ಮೊದಲೇ ಮಾತನಾಡಿ. ಓದು ಅರ್ಧಕ್ಕೆ ನಿಂತರೆ ನಷ್ಟ ಅವಳೊಬ್ಬಳಿಗೇ ಅಲ್ಲ. ತನ್ನ ಗಂಟಿನ ಬಗ್ಗೆ ಮಹಿಳಾ ವೈದ್ಯರ ಬಳಿ ಮಾತ್ರ ಬಾಯಿ ಬಿಡುವ ಎಷ್ಟೋ ತಾಯಂದಿರಿಗೂ ನಷ್ಟವೇ.

ಮೂರು, ನಮ್ಮಲ್ಲಿರುವ ಹಿರಿಯ ವೈದ್ಯರು ತಲಾ ಒಬ್ಬ ಕಿರಿಯರನ್ನು ಗೊತ್ತು ಮಾಡಿಕೊಂಡು ತಿಂಗಳಿಗೊಮ್ಮೆ ಫೋನ್ ಮಾಡಲಿ. ಅಂಕ ಎಷ್ಟು ಎಂದು ಕೇಳುವುದು ಬೇಡ. ಊಟ ಆಯಿತೇ, ನಿದ್ದೆ ಬರುತ್ತಿದೆಯೇ ಎಂದು ಕೇಳಿದರೆ ಸಾಕು. ಮನಸ್ಸು ತೀರಾ ಕುಗ್ಗಿದ್ದರೆ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ವೈದ್ಯನಾದವನು ಸಹಾಯ ಕೇಳುವುದು ನಾಚಿಕೆಯ ವಿಷಯವಲ್ಲವೆಂದು ಮನೆಯವರೇ ಹೇಳಬೇಕು.

ಇಂದು ಶಾಲು ಹೊದ್ದ ಮಕ್ಕಳಲ್ಲಿ ಒಬ್ಬರಾದರೂ ಹನ್ನೆರಡು ವರ್ಷಗಳ ನಂತರ ಕ್ಯಾನ್ಸರ್ ತಜ್ಞರಾಗಿ ಇದೇ ವೇದಿಕೆಗೆ ಬರಲಿ. ಅಲ್ಲಿಯವರೆಗೂ ಅವರ ಹೆಸರು ನಮ್ಮ ಪಟ್ಟಿಯಲ್ಲಿರಲಿ.