ಪರದೇಶದಲ್ಲಿ ಆಸ್ಪತ್ರೆ ಆಡಳಿತದ ವ್ಯಾಸಂಗ

(ಯುವಕ ಮಂಡಲ ಮತ್ತು ಮಹಿಳಾ ಸಮಾಜದವರು ಕೂಡಿ ಏರ್ಪಡಿಸಿದ್ದ ಸಭೆಯಲ್ಲಿ, ಇಂಗ್ಲೆಂಡಿನಲ್ಲಿ ಈ ವಿಷಯವನ್ನು ಓದಿ ಹಿಂದಿರುಗಿದವರೊಬ್ಬರು ಮಾಡಿದ ಭಾಷಣ)



ನಮ್ಮ ಹಳ್ಳಿಗಳ ಮಕ್ಕಳು ಈಗ ಪದವಿ ಮುಗಿಸಿ ಪರದೇಶದಲ್ಲಿ ಓದುವ ಯೋಚನೆ ಮಾಡುತ್ತಿದ್ದಾರೆ. ‘ಹೆಲ್ತ್‌ಕೇರ್ ಮ್ಯಾನೇಜ್‌ಮೆಂಟ್’ ಎಂಬ ಹೆಸರು ಹಲವು ಮನೆಗಳಲ್ಲಿ ಕೇಳಿಬರುತ್ತಿದೆ. ಅದು ಎಂಥ ವಿದ್ಯೆ, ಅದಕ್ಕೆ ಎಷ್ಟು ಖರ್ಚು ಎಂಬುದನ್ನು ಸರಿಯಾಗಿ ತಿಳಿಯುವ ಮೊದಲೇ ಹೊಲ ಅಡವಿಡುವ ಮಾತೂ ಏಳುತ್ತಿದೆ. ಆದುದರಿಂದ ಈ ವಿಚಾರವಾಗಿ ನಾಲ್ಕು ಮಾತು ಹೇಳಬಯಸುತ್ತೇನೆ.

ಇದು ಯಾವ ವಿದ್ಯೆ?

ಮೊದಲು ತಿಳಿಯಬೇಕಾದುದೆಂದರೆ, ಇದು ವೈದ್ಯವಿದ್ಯೆಯಲ್ಲ. ಇದನ್ನು ಓದಿದವರು ಡಾಕ್ಟರೂ ಆಗುವುದಿಲ್ಲ, ನರ್ಸೂ ಆಗುವುದಿಲ್ಲ. ಇದು ಆಸ್ಪತ್ರೆಯನ್ನು ನಡೆಸುವ ವಿದ್ಯೆ. ಡಾಕ್ಟರಿದ್ದಾರೆ, ಔಷಧಿಯಿಲ್ಲ, ಔಷಧಿಯಿದೆ, ಅದರ ಅವಧಿ ಮುಗಿದಿದೆ, ಯಂತ್ರವಿದೆ, ನಡೆಸುವವರಿಲ್ಲ. ಇಂಥ ಕೊರತೆಗಳು ರೋಗದಿಂದ ಬಂದವಲ್ಲ, ವ್ಯವಸ್ಥೆಯ ಲೋಪದಿಂದ ಬಂದವು. ಅವನ್ನು ತಿದ್ದುವುದೇ ಈ ವಿದ್ಯೆಯ ಉದ್ದೇಶ.

ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರನ್ನು ನೀವು ಕೇಳಿದ್ದೀರಿ. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗಾಗಿ ಅವರು ಸ್ಕುಟರಿಯ ಆಸ್ಪತ್ರೆಗೆ ಹೋದರು. ಅವರು ದೀಪ ಹಿಡಿದದ್ದು ಎಲ್ಲರಿಗೂ ಗೊತ್ತು. ಲೆಕ್ಕ ಹಿಡಿದದ್ದು ಕೆಲವರಿಗೆ ಮಾತ್ರ ಗೊತ್ತು. ಸತ್ತ ಸೈನಿಕರ ಲೆಕ್ಕವನ್ನು ತಿಂಗಳು ತಿಂಗಳಿಗೆ ಬೇರ್ಪಡಿಸಿ, ಗಾಯದಿಂದ ಸತ್ತವರಿಗಿಂತ ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರೇ ಬಹಳವೆಂದು ಯುದ್ಧ ಮುಗಿದ ಮೇಲೆ ಚಿತ್ರ ಬರೆದು ಸರ್ಕಾರಕ್ಕೆ ತೋರಿಸಿದರು. ಆಸ್ಪತ್ರೆಯ ಆಡಳಿತಕ್ಕೆ ಇಂಥ ಲೆಕ್ಕವೇ ಬುನಾದಿ.

ತರಗತಿಯಲ್ಲಿ ಕಲಿಸುವ ಒಂದು ಪಾಠವನ್ನು ನಿಮಗೂ ಹೇಳುತ್ತೇನೆ. ಜಾನ್ ಲಿಟಲ್ ಎಂಬ ಅಮೆರಿಕದ ವಿದ್ವಾಂಸರು 1961ರಲ್ಲಿ ಇದನ್ನು ಗಣಿತದಿಂದ ಸಾಧಿಸಿ ತೋರಿಸಿದರು. ಆಸ್ಪತ್ರೆಗೆ ಗಂಟೆಗೆ 30 ಜನ ಬರುತ್ತಾರೆ, ಪ್ರತಿಯೊಬ್ಬರೂ ಸರಾಸರಿ 2 ಗಂಟೆ ಒಳಗಿರುತ್ತಾರೆ ಎಂದುಕೊಳ್ಳಿ. ಆಗ ಒಳಗೆ ಸದಾ ಸುಮಾರು 60 ಜನ ಇದ್ದೇ ಇರುತ್ತಾರೆ. ಚೀಟಿ ಬರೆಯುವ ಕಡೆ, ರಕ್ತ ಪರೀಕ್ಷೆಯ ಕಡೆ ಆಗುವ ತಡವನ್ನು ತಗ್ಗಿಸಿ ಒಂದು ಗಂಟೆಗೆ ಇಳಿಸಿದರೆ, ಕಾಯುವವರೂ ಸೇರಿ ಒಳಗಿರುವವರು 30 ಮಂದಿ ಮಾತ್ರ. ಹೊಸ ಕಟ್ಟಡ ಬೇಕಾಗಲಿಲ್ಲ, ಹೊಸ ಬೆಂಚೂ ಬೇಕಾಗಲಿಲ್ಲ. ಕೂಲಿ ಬಿಟ್ಟು ಮಗುವನ್ನೆತ್ತಿಕೊಂಡು ಬಂದ ತಾಯಿಗೆ ಆ ಒಂದು ಗಂಟೆಯ ಬೆಲೆ ಎಷ್ಟೆಂಬುದನ್ನು ನಾನು ಹೇಳಬೇಕಾಗಿಲ್ಲ.

ಅಲ್ಲಿ ಓದುವ ಬಗೆ

ಬ್ರಿಟನ್ನಿನಲ್ಲಿ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಚಿಕಿತ್ಸೆ ಪಡೆಯುವಾಗ ರೋಗಿ ಹಣ ಕೊಡಬೇಕಾಗಿಲ್ಲ. ಖರ್ಚು ಬಹುಪಾಲು ತೆರಿಗೆಯಿಂದ ಬರುತ್ತದೆ. ಇಷ್ಟು ದೊಡ್ಡ ಸಂಸ್ಥೆಯಲ್ಲಿ ಯಾವುದಕ್ಕೆ ಯಾರು ಹೊಣೆ ಎಂಬುದು ಸ್ಪಷ್ಟವಿಲ್ಲವೆಂದು ರಾಯ್ ಗ್ರಿಫಿತ್ಸ್ ಅವರು 1983ರಲ್ಲಿ ವರದಿ ಕೊಟ್ಟರು. ಅನಂತರ ಆಡಳಿತಕ್ಕೆಂದೇ ವ್ಯವಸ್ಥಾಪಕರು ಬಂದರು. ಹಾಗೆಂದು ಅಲ್ಲಿ ಎಲ್ಲವೂ ಸುಗಮವೆಂದು ತಿಳಿಯಬಾರದು. ಚಿಕಿತ್ಸೆಗಾಗಿ ಅಲ್ಲಿಯೂ ಲಕ್ಷಾಂತರ ಜನ ಕಾಯುತ್ತಿದ್ದಾರೆ. ಅದು ಏಕೆಂದು ವಿಚಾರಿಸುವುದೂ ವ್ಯಾಸಂಗದ ಒಂದು ಭಾಗ.

ಅಲ್ಲಿನ ಸ್ನಾತಕೋತ್ತರ ಪದವಿ ಸಾಮಾನ್ಯವಾಗಿ ಒಂದೇ ವರ್ಷದ್ದು. ಪಾಠ ಕಡಿಮೆ, ಸ್ವಂತ ಓದು ಹೆಚ್ಚು. ಬಾಯಿಪಾಠ ಮಾಡಿ ಒಪ್ಪಿಸಿದರೆ ಸಾಲದು. ನಿನ್ನ ಅಭಿಪ್ರಾಯವೇನು, ಅದಕ್ಕೆ ಆಧಾರವೇನು ಎಂದು ಕೇಳುತ್ತಾರೆ. ಬೇರೆಯವರ ಬರಹವನ್ನು ಹೆಸರು ಹೇಳದೆ ಎತ್ತಿ ಬರೆದರೆ ಅದು ಕಳವೇ ಸರಿ, ಶಿಕ್ಷೆಯೂ ಉಂಟು. ಇಂಗ್ಲಿಷಿನಲ್ಲಿ ಓದಿ ಬರೆಯುವ ಅಭ್ಯಾಸವನ್ನು ಹೊರಡುವ ಮೊದಲೇ ಮಾಡಿಕೊಳ್ಳಬೇಕು.

ಹಣದ ವಿಚಾರ

ಪರದೇಶದ ವಿದ್ಯಾರ್ಥಿಗೆ ಶುಲ್ಕ ಹೆಚ್ಚು. ಅದಲ್ಲದೆ, ವೀಸಾ ಕೇಳುವಾಗ ಒಂಬತ್ತು ತಿಂಗಳವರೆಗಿನ ಜೀವನ ವೆಚ್ಚದ ಹಣ ಸತತ 28 ದಿನ ಬ್ಯಾಂಕಿನಲ್ಲಿ ಇದ್ದುದನ್ನು ತೋರಿಸಬೇಕು. ಅಲ್ಲಿನ ಆರೋಗ್ಯ ಸೇವೆಗಾಗಿ ವಿದ್ಯಾರ್ಥಿಗಳು ಕಟ್ಟುವ ಹಣ 2024ರ ಫೆಬ್ರವರಿಯಿಂದ ವರ್ಷಕ್ಕೆ 776 ಪೌಂಡ್ ಎಂದು ಗೊತ್ತಾಗಿದೆ. ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಆ ದುಡಿಮೆ ಊಟಕ್ಕೆ ನೆರವಾದೀತು, ಶುಲ್ಕ ತೀರಿಸಲಾರದು. ರಾತ್ರಿಯೆಲ್ಲ ದುಡಿದು ತರಗತಿಯಲ್ಲಿ ತೂಕಡಿಸುವ ಹುಡುಗರನ್ನು ನಾನು ಕಂಡಿದ್ದೇನೆ. 2024ರ ಜನವರಿಯಿಂದೀಚೆಗೆ ಇಂಥ ಪದವಿಗೆ ಹೋಗುವವರು ಹೆಂಡತಿ, ಗಂಡ ಅಥವಾ ಮಕ್ಕಳನ್ನು ತಮ್ಮ ವೀಸಾದ ಮೇಲೆ ಕರೆದೊಯ್ಯುವಂತಿಲ್ಲ.

ಓದು ಮುಗಿದ ಮೇಲೆ ಅಲ್ಲಿಯೇ ಇದ್ದು ಕೆಲಸ ಹುಡುಕಲು 2021ರಲ್ಲಿ ಎರಡು ವರ್ಷದ ಅವಕಾಶ ಕೊಟ್ಟರು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳು ಮಾತ್ರ. ಅವಕಾಶ ಬೇರೆ, ಕೆಲಸ ಬೇರೆ. ಇದನ್ನು ಹೆತ್ತವರು ಚೆನ್ನಾಗಿ ಮನಗಾಣಬೇಕು.

ಸಾಲದ ಲೆಕ್ಕವನ್ನೂ ನೋಡೋಣ. 25 ಲಕ್ಷ ರೂಪಾಯಿ ಸಾಲಕ್ಕೆ ನೂರಕ್ಕೆ 10ರಂತೆ ಬಡ್ಡಿಯಾದರೆ, ವರ್ಷಕ್ಕೆ ಎರಡೂವರೆ ಲಕ್ಷ. ತಿಂಗಳಿಗೆ 20,800 ರೂಪಾಯಿಗೂ ಮೇಲೆ. ಅಸಲು ಬೇರೆ. ಓದುವ ಕಾಲದಲ್ಲಿ ಕಂತು ಕಟ್ಟದಿದ್ದರೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಮಗಳೋ ಮಗನೋ ಊರಿಗೆ ಹಿಂದಿರುಗಿ ಇಲ್ಲಿಯ ಸಂಬಳದಲ್ಲಿ ಇದನ್ನು ತೀರಿಸಬಲ್ಲರೇ? ಆ ಲೆಕ್ಕ ಕೂಡಿಬಂದರೆ ಮಾತ್ರ ಸಾಲಕ್ಕೆ ಕೈಹಾಕಿ.

ನೆರವಿನ ದಾರಿಗಳು

ಪರಿಶಿಷ್ಟ ಜಾತಿಯವರು, ಅಲೆಮಾರಿ ಬುಡಕಟ್ಟಿನವರು, ಭೂಮಿಯಿಲ್ಲದ ಕೃಷಿ ಕೂಲಿಕಾರರು, ಕುಲಕಸುಬಿನವರು ಇವರ ಮಕ್ಕಳಿಗಾಗಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಮನೆಯ ವರಮಾನ ವರ್ಷಕ್ಕೆ 8 ಲಕ್ಷ ರೂಪಾಯಿ ಮೀರಿರಬಾರದು. ಬ್ರಿಟಿಷ್ ಸರ್ಕಾರದ ಚೆವನಿಂಗ್ ವಿದ್ಯಾರ್ಥಿವೇತನಕ್ಕೆ ಎರಡು ವರ್ಷ ಕೆಲಸ ಮಾಡಿದ ಅನುಭವ ಬೇಕು. ಓದಿದ ಮೇಲೆ ಕನಿಷ್ಠ ಎರಡು ವರ್ಷ ಸ್ವದೇಶದಲ್ಲಿರಬೇಕು. ಕಾಮನ್‌ವೆಲ್ತ್ ವಿದ್ಯಾರ್ಥಿವೇತನವೂ ಉಂಟು. ಇವು ಸುಲಭವಾಗಿ ದೊರೆಯುವುದಿಲ್ಲವಾದರೂ ಅರ್ಜಿ ಹಾಕದೆ ಬಿಡಬಾರದು.

ನಮ್ಮ ದೇಶದಲ್ಲಿಯೂ ಈ ವಿದ್ಯೆಯುಂಟು. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಆಸ್ಪತ್ರೆ ಆಡಳಿತವನ್ನು ಕಲಿಸುತ್ತದೆ, ಬೆಂಗಳೂರಿನಲ್ಲಿಯೂ ಕಲಿಯಬಹುದು. ಎರಡನ್ನೂ ತೂಗಿ ನೋಡುವುದು ಜಾಣತನ.

ಹೊರಡುವ ಮೊದಲು

ಮನೆಯವರೆಲ್ಲ ಕುಳಿತು ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ:

1. ಆಸ್ಪತ್ರೆಯಲ್ಲಿ ಒಂದೆರಡು ವರ್ಷವಾದರೂ ದುಡಿದ ಅನುಭವವಿದೆಯೇ?
2. ಯಾವ ಪಾಠ ಕಲಿಸುತ್ತಾರೆ, ಆಸ್ಪತ್ರೆಯಲ್ಲಿ ತರಬೇತಿ ಇದೆಯೇ ಎಂದು ವಿಶ್ವವಿದ್ಯಾಲಯವನ್ನೇ ನೇರವಾಗಿ ವಿಚಾರಿಸಿದ್ದೀರಾ?
3. ದಾರಿ ತೋರಿಸುವ ಏಜೆಂಟರಿಗೆ ದಳ್ಳಾಳಿ ಹಣ ಎಲ್ಲಿಂದ ಬರುತ್ತದೆ? ಹಲವರಿಗೆ ಅದನ್ನು ವಿಶ್ವವಿದ್ಯಾಲಯವೇ ಕೊಡುತ್ತದೆ.
4. ಅಲ್ಲಿ ಕೆಲಸ ಸಿಗದಿದ್ದರೆ ಸಾಲ ತೀರುವ ದಾರಿ ಯಾವುದು?

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದಾಗ, ಬ್ಲಾಕಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕೆಂಬುದು ಅದರ ಅಂಗವಾಗಿತ್ತು. ಇಂದು ಕೇಂದ್ರಗಳು ಬಹಳವಾಗಿವೆ. ಲಸಿಕೆಯ ಪೆಟ್ಟಿಗೆ 2ರಿಂದ 8 ಡಿಗ್ರಿಯೊಳಗೆ ತಣ್ಣಗಿದೆಯೇ, ಮೊದಲು ಅವಧಿ ಮುಗಿಯುವ ಔಷಧಿ ಮೊದಲು ಹೊರಗೆ ಹೋಗುತ್ತಿದೆಯೇ, ಬಂದವರು ಎಷ್ಟು ಹೊತ್ತು ಕಾದರು ಎಂದು ದಿನದಿನವೂ ನೋಡಿ ಬರೆದಿಡುವವರು ಬೇಕಾಗಿದ್ದಾರೆ. ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದ್ದಾರೆ. ಹೋಗುವವರು ಲೆಕ್ಕ ಹಾಕಿ ಹೋಗಲಿ. ಕಲಿತದ್ದು ಎಲ್ಲಿಯಾದರೂ ಒಬ್ಬ ರೋಗಿಯ ಕಾಯುವಿಕೆಯನ್ನು ಕಡಿಮೆ ಮಾಡಲಿ.