ಮೊಣಕಾಲ ನೋವು ನೆವ ಅಲ್ಲ



ನಾನು ಇದೇ ಜತ್ತ ತಾಲೂಕಿನ ಮಗಳು, ದವಾಖಾನಿಯೊಳಗ ನರ್ಸ್. "ಅಕ್ಕಾ, ಆರೋಗ್ಯದ ಬಗ್ಗೆ ಎರಡು ಮಾತು ಹೇಳ್ರಿ" ಅಂತ ಸಂಘದವರು ಕೇಳಿದಾಗ ಬಿ.ಪಿ., ಶುಗರ್ ಬಿಟ್ಟು ಮೊಣಕಾಲಿನ ಮಾತೇ ಆಡೋಣ ಅನ್ನಿಸಿತು. ನಮ್ಮ ಓಣಿಯ ಹದಿನೆಂಟು-ಇಪ್ಪತ್ತರ ಹುಡುಗರು ಮೊಣಕಾಲು ಹಿಡಕೊಂಡು ಏಳೋದನ್ನ ದಿನಾ ನೋಡ್ತೀನಿ. ಮನ್ಯಾಗ ಹೇಳಿದ್ರ, "ಈ ವಯಸ್ಸಿಗೆ ಎಂಥಾ ನೋವೋ, ಕೆಲಸಕ್ಕ ನೆವ" ಅಂತಾರ.

ಪೊಲೀಸ್ ಭರ್ತಿಯ ಜಾಹೀರಾತು ಬಂದ ಮರುದಿನವೇ ಡಾಂಬರ ರಸ್ತೆ ಮ್ಯಾಲೆ ಓಟ ಶುರುವಾಗತೈತಿ. ಹುಡುಗರಿಗೆ 1600 ಮೀಟರ್, ಹುಡುಗಿಯರಿಗೆ 800. ತೊಡೆ, ಸೊಂಟದ ಸ್ನಾಯು ಗಟ್ಟಿಯಾಗದೆ ಒಮ್ಮೆಲೇ ಓಟ ಹೆಚ್ಚಿಸಿದ್ರ ಚಿಪ್ಪಿನ ಸುತ್ತ ನೋವು ಹುಟ್ಟತೈತಿ. ಮೆಟ್ಟಿಲು ಇಳಿಯುವಾಗ, ಕುಕ್ಕರಗಾಲಲ್ಲಿ ಕೂತಾಗ ಅದು ಜಾಸ್ತಿ. ಹರೆಯದವರಲ್ಲಿ ಹೆಚ್ಚು ಕಾಣುವುದು ಇದೇ. ಎಕ್ಸ್-ರೇಯಲ್ಲಿ ಏನೂ ಕಾಣಲಿಕ್ಕಿಲ್ಲ, ಹಂಗಂತ ನೋವು ಸುಳ್ಳಲ್ಲ. ಓಟ ಪೂರ್ತಿ ಬಿಡಬ್ಯಾಡ್ರಿ. ಕಡಿಮೆ ಮಾಡಿ, ಮಣ್ಣಿನ ಮ್ಯಾಲೆ ಓಡ್ರಿ, ತೊಡೆಯ ವ್ಯಾಯಾಮ ಕೆಲವು ತಿಂಗಳು ಬಿಡದೆ ಮಾಡ್ರಿ. ಸಾಲಿ ಹುಡುಗರಿಗೆ ಚಿಪ್ಪಿನ ಕೆಳಗಿನ ಎಲುಬು ಗಂಟಿನಂಗ ಉಬ್ಬಿ ನೋಯುವುದುಂಟು. ಬೆಳವಣಿಗೆ ಮುಗಿದ ಮ್ಯಾಲೆ ಅದು ಬಹುತೇಕ ತಣ್ಣಗಾಗತೈತಿ.

ಕಬಡ್ಡಿಯಲ್ಲಿ ಕಾಲು ತಿರುಚಿ 'ಟಕ್' ಅಂತು, ಕೆಲವೇ ತಾಸಿನೊಳಗ ಬಾತಿತು, ಆಮೇಲೆ ನಡೆಯುವಾಗ ಮೊಣಕಾಲು ಜಾರಿದಂಗ ಆಗತೈತಿ ಅಂದ್ರ ಒಳಗಿನ ಕಟ್ಟು ಹರಿದಿರಬಹುದು. ಎಣ್ಣೆ ಹಚ್ಚಿ ತಿಕ್ಕಿಸಿ ಮತ್ತ ಮೈದಾನಕ್ಕ ಇಳೀಬ್ಯಾಡ್ರಿ.

ಕಬ್ಬಿನ ಟೋಳಿಗೆ ಹೋಗುವವರ ಕತೆ ಬ್ಯಾರೆ. ದಿನಪೂರ್ತಿ ಬಗ್ಗಿ ಕಡಿದು, ಹೊರೆ ತಲಿ ಮ್ಯಾಲೆ ಹೊತ್ತು, ಹಲಗೆ ಏರಿ ಲಾರಿ ತುಂಬಬೇಕು. 'ವಿಶ್ರಾಂತಿ ತಗೋ' ಅಂತ ನಾವು ಚೀಟಿ ಬರೆದು ಕೊಡ್ತೀವಿ. ಉಚಲ ತಗೊಂಡವರು ಯಾವ ಬಾಯಿಂದ ರಜಾ ಕೇಳಬೇಕು? ನನ್ನ ಹತ್ರ ಉತ್ತರ ಇಲ್ಲ.

ನನ್ನ ಚಿಕ್ಕಪ್ಪನ ಮಗ ಅಂಥಾ ಟೋಳಿಯಿಂದಲೇ ಕುಂಟುತ್ತ ಬಂದ. ಬಿದ್ದಿರಲಿಲ್ಲ, ಪೆಟ್ಟೂ ಇಲ್ಲ. ಒಂದೇ ಮೊಣಕಾಲು ಬಾತಿತ್ತು. ಹೊರೆ ಹೊತ್ತಿದ್ದಕ್ಕ ಅಂದ್ವಿ. ಒಂದು ದವಾಖಾನಿಯಲ್ಲಿ ಎಂಟು ತಿಂಗಳು ಬರೀ ನೋವಿನ ಸೂಜಿ ಚುಚ್ಚಿದರು. ಸಂಜಿಗೆ ಸಣ್ಣ ಜ್ವರ, ಮೈ ಇಳೀತಿತ್ತು. ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಕಡೀಕ ತಪಾಸಣೆ ಮಾಡಿದ್ರ ಮೊಣಕಾಲಿನ ಟಿ.ಬಿ.! ಎದೆಗೆ ಮಾತ್ರ ಟಿ.ಬಿ. ಅಂತ ಆಗ ನಾನೂ ತಿಳಿದಿದ್ದೆ. ತಂಗಿಯ ಮದುವಿ ಕೆಟ್ಟೀತು ಅಂತ ಮನೆಯವರು ಹೆಸರನ್ನೇ ಮುಚ್ಚಿಟ್ಟರು. ಸರಕಾರಿ ಔಷಧ ಪುಕ್ಕಟೆ ಸಿಕ್ಕು ಗುಣವಾದ, ಆದ್ರ ಆ ಕಾಲು ಇವತ್ತಿಗೂ ಪೂರ್ತಿ ಮಡಚಲ್ಲ. ಭರ್ತಿಯ ಆಸೆ ಅಲ್ಲಿಗೇ ನಿಂತಿತು.

ಅದಕ್ಕ ಹೇಳ್ತೀನಿ: ಪೆಟ್ಟಿಲ್ಲದ ಬಾವು, ಜ್ವರ, ನಿದ್ದಿ ಕೆಡಿಸುವ ರಾತ್ರಿ ನೋವು, ಮೊಣಕಾಲ ಹತ್ತಿರ ಬೆಳೆಯುವ ಗಡ್ಡೆ, ಮುಂಜಾನೆ ಅರ್ಧ ತಾಸಿಗಿಂತ ಹೆಚ್ಚು ಹೊತ್ತಿನ ಬಿಗಿತ, ಇವುಗಳಲ್ಲಿ ಒಂದಿದ್ರೂ ಗುಳಿಗಿ ನುಂಗಿ ಕೂಡಬ್ಯಾಡ್ರಿ. ಎಲುಬಿನ ಕ್ಯಾನ್ಸರ್ ಅಪರೂಪ, ಆದ್ರ ಅದು ಬರೋದು ಹೆಚ್ಚಾಗಿ ಇದೇ ವಯಸ್ಸಿನಾಗ, ಇದೇ ಜಾಗದಾಗ. ಕೂಸು ಕುಂಟುತ್ತ 'ಮೊಣಕಾಲು' ಅಂದ್ರೂ ತೊಂದ್ರಿ ಕೆಲವೊಮ್ಮೆ ಸೊಂಟದ ಕೀಲಿನಾಗ ಇರತೈತಿ; ಅದನ್ನೂ ನೋಡ್ರಿ ಅಂತ ಡಾಕ್ಟರಿಗೆ ಹೇಳ್ರಿ.

ಕಾರ್ಯಕ್ರಮ ಮುಗಿದ ಮ್ಯಾಲೆ ಸಮಾಜ ಮಂದಿರದ ಕಟ್ಟಿ ಮ್ಯಾಲೆ ಕೂತಿರ್ತೀನಿ. ಹಳೇ ಚೀಟಿ, ಎಕ್ಸ್-ರೇ ಇದ್ದವರು ತಗೊಂಡು ಬರ್ರಿ. ಜೈ ಭೀಮ್.